ಮೈಸೂರಿನ ರೈಲುದಾರಿಗಳೂ ಅವುಗಳ ಪ್ರತಿಕೃತಿಗಳೂ

ಚರಿತ್ರೆಯನ್ನು ಬರೆಯುವವರಿಗೆ ಶಿಲಾಶಾಸನ, ತಾಮ್ರಪಟ, ಸರ್ಕಾರದ ಕಡತ, ಪ್ರವಾಸಿಗಳ ದಿನಚರಿ ಇವೆಲ್ಲವೂ ಆಧಾರಗಳೆಂಬುದು ಸರ್ವವಿದಿತವಾದ ಮಾತು. ಮೇಜಿನ ಮೇಲೆ ಹಾಸಿದ ಪುಟ್ಟ ಕಂಬಿಗಳೂ ಅವುಗಳ ಮೇಲೆ ಓಡತಕ್ಕ ಗೇಣುದ್ದದ ಗಾಡಿಗಳೂ ಅದೇ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಅರ್ಹವೆಂದು ಹೇಳಿದರೆ, ಮಕ್ಕಳ ಆಟಿಕೆಯನ್ನು ಕುರಿತು ಇಷ್ಟು ದೊಡ್ಡ ಮಾತೇಕೆಂದು ಕೆಲವರು ನಗಬಹುದು. ಆದರೂ ಅಳತೆ ತಪ್ಪದೆ ಕಟ್ಟಿದ ರೈಲಿನ ಪ್ರತಿಕೃತಿಯು ಚರಿತ್ರೆಗೆ ಒಂದು ಪರೀಕ್ಷೆಯೂ ಹೌದು, ಒಂದು ಭಂಡಾರವೂ ಹೌದು ಎಂಬುದನ್ನು ಮೈಸೂರು ಸಂಸ್ಥಾನದ ರೈಲುದಾರಿಗಳ ನಿದರ್ಶನದಿಂದ ವಿವರಿಸಬೇಕೆಂದಿದ್ದೇನೆ. ಈ ದಾರಿಗಳನ್ನೇ ಆರಿಸಿಕೊಳ್ಳಲು ಕಾರಣವಿದೆ. ಸಂಸ್ಥಾನದವರು ಹಾಕಿಸಿದ ಮೀಟರ್‌ಗೇಜು ಕಂಬಿಗಳ ಮೇಲೆ ಈಗ ಗಾಡಿಗಳು ಓಡುವುದಿಲ್ಲ. ಅವು ಹೇಗಿದ್ದುವೆಂದು ತಿಳಿಯಬೇಕಾದರೆ ಯಾರಾದರೊಬ್ಬರು ಅಳೆದು, ಬರೆದು, ಮಾಡಿ ತೋರಿಸಬೇಕಾದ ಕಾಲ ಬಂದಿದೆ.

ಮೊದಲು ಚರಿತ್ರೆಯನ್ನು ಸಂಗ್ರಹವಾಗಿ ನೋಡೋಣ. ಮೈಸೂರು ಸೀಮೆಗೆ ಹೊಗೆಬಂಡಿ ಮೊಟ್ಟಮೊದಲು ಬಂದುದು ೧೮೬೪ರಲ್ಲಿ. ಆ ವರ್ಷ ಮದರಾಸು ರೈಲ್ವೆ ಕಂಪೆನಿಯವರು ಜೋಲಾರಪೇಟೆಯಿಂದ ಬೆಂಗಳೂರಿನ ದಂಡುಪ್ರದೇಶದವರೆಗೆ ತಮ್ಮ ಕವಲುದಾರಿಯನ್ನು ತಂದರು. ಅದು ಬ್ರಾಡ್‌ಗೇಜು. ಎಂದರೆ ಎರಡು ಕಂಬಿಗಳ ನಡುವಣ ಅಂತರ ೫ ಅಡಿ ೬ ಅಂಗುಲ. ಇಷ್ಟು ಅಗಲದ ದಾರಿಗೆ ವೆಚ್ಚ ಬಹಳವಾಗುತ್ತದೆಂಬ ಕಾರಣದಿಂದ, ಲಾರ್ಡ್ ಮೇಯೋ ಎಂಬಾತ ವೈಸ್‌ರಾಯ್ ಆಗಿದ್ದಾಗ, ೧೮೭೦ರಲ್ಲಿ, ಸರ್ಕಾರವೇ ಹಾಕಿಸತಕ್ಕ ಹೊಸ ದಾರಿಗಳಿಗೆ ಕಿರಿದಾದ ಅಳತೆಯನ್ನು ಗೊತ್ತುಮಾಡಿದರು. ಮೊದಲು ೩ ಅಡಿ ೩ ಅಂಗುಲವಾದರೆ ಸಾಕೆಂಬ ಅಭಿಪ್ರಾಯವಿದ್ದಿತು. ಹಿಂದೂದೇಶಕ್ಕೆ ಬೇಗನೆ ಮೀಟರಿನ ಮಾನ ಬರುವುದೆಂಬ ನಿರೀಕ್ಷೆಯಿಂದ ಅದನ್ನು ಕೂದಲೆಳೆಯಷ್ಟು ಹಿಗ್ಗಿಸಿ ಸರಿಯಾಗಿ ಒಂದು ಮೀಟರು ಮಾಡಿದರು. ಆ ಮಾನ ಅಂಗಡಿಬೀದಿಗೆ ಬಂದುದು ೧೯೫೬ರ ಕಾಯಿದೆಯ ತರುವಾಯ. ತಕ್ಕಡಿಗೂ ಗಜಕೋಲಿಗೂ ಬರುವುದಕ್ಕೆ ಮುಂಚೆ ಸುಮಾರು ಎಂಬತ್ತು ವರ್ಷಗಳ ಕಾಲ ಮೀಟರು ನಮ್ಮ ಜನರ ಕಾಲಕೆಳಗೆ ರೈಲುದಾರಿಯಾಗಿ ಮಲಗಿತ್ತು.

ಈ ಮೀಟರ್‌ಗೇಜಿನಲ್ಲಿಯೇ ಬೆಂಗಳೂರು-ಮೈಸೂರು ದಾರಿಯನ್ನು ಕಟ್ಟಿದರು. ಕಟ್ಟಿದ ಕಾಲವಾದರೋ ಅತ್ಯಂತ ದಾರುಣವಾದುದು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಸಂಸ್ಥಾನದ ಜನ ತರಗೆಲೆಗಳಂತೆ ಉದುರಿದರು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಹೊಟ್ಟೆಗಿಲ್ಲದವರಿಗೆ ಕೂಲಿ ಕೊಡುವ ಸಲುವಾಗಿ ಆರಂಭವಾದ ಕಾಮಗಾರಿಗಳಲ್ಲಿ ಈ ದಾರಿಯ ಮಣ್ಣುಕೆಲಸವೂ ಒಂದು. ೧೮೮೧ರಲ್ಲಿ ಗಾಡಿ ಚನ್ನಪಟ್ಟಣವನ್ನು ಮುಟ್ಟಿತು. ೧೮೮೨ರಲ್ಲಿ ಮೈಸೂರನ್ನು ಸೇರಿತು. ೮೬ ಮೈಲಿಗಳ ಈ ದಾರಿ ಮುಗಿಯುವ ವೇಳೆಗೆ ಅಧಿಕಾರವು ಒಡೆಯರ ವಂಶಕ್ಕೆ ಮರಳಿತ್ತು; ರಂಗಾಚಾರ್ಲು ಅವರು ದಿವಾನರಾಗಿದ್ದರು. ಧಾನ್ಯವನ್ನು ಬೇಗನೆ ಸಾಗಿಸಲು ದಾರಿಯಿದ್ದರೆ ಇನ್ನೊಂದು ಕ್ಷಾಮ ಬಂದಾಗ ಅಷ್ಟು ಜನ ಸಾಯುವುದಿಲ್ಲವೆಂಬುದು ಆ ಕಾಲದ ಆಡಳಿತಗಾರರು ಕಲಿತ ಕಠಿಣವಾದ ಪಾಠ.

ಅಲ್ಲಿಂದ ಮುಂದೆ ದಾರಿಗಳು ಬೆಳೆದ ಕ್ರಮ ಹೀಗಿದೆ. ೧೮೮೪ರಲ್ಲಿ ಗಾಡಿ ತುಮಕೂರನ್ನು ದಾಟಿ ಗುಬ್ಬಿಯವರೆಗೆ ಹೋಯಿತು. ೧೮೮೬ರಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ದಾರಿಗಳನ್ನು ಸದರನ್ ಮರಾಠಾ ರೈಲ್ವೆ ಕಂಪೆನಿಯ ವಶಕ್ಕೆ ಕೊಟ್ಟು ಆ ಮೂಲಕ ಸಾಲವೆತ್ತಿದುದರಿಂದ ಮುಂದಿನ ಕೆಲಸಕ್ಕೆ ಹಣವೊದಗಿತು. ೧೮೮೯ರಲ್ಲಿ ಕಂಬಿ ಹರಿಹರವನ್ನು ಸೇರಿತು. ೧೮೯೧ರಲ್ಲಿ ನಂಜನಗೂಡು, ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗ, ೧೯೧೮ರ ಸುಮಾರಿಗೆ ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆ, ೧೯೨೬ರಲ್ಲಿ ಚಾಮರಾಜನಗರ, ೧೯೪೦ರ ಹೊತ್ತಿಗೆ ಜೋಗದ ಸಮೀಪದ ತಾಳಗುಪ್ಪ, ಹೀಗೆ ಕವಲುಗಳು ಒಡೆದುವು. ಗಾಡಿಗಳನ್ನು ನಡೆಸುವ ಹಕ್ಕನ್ನು ಕಂಪೆನಿಯವರಿಂದ ಸಂಸ್ಥಾನದವರು ೧೯೧೯ರಲ್ಲಿ ಭಾಗಶಃ, ೧೯೩೮ರಲ್ಲಿ ಪೂರ್ಣವಾಗಿ ಹಿಂದಕ್ಕೆ ಪಡೆದರು. ೧೯೫೦ರಲ್ಲಿ ಮೈಸೂರು ರೈಲ್ವೆಯು ಕೇಂದ್ರಸರ್ಕಾರಕ್ಕೆ ಸೇರಿ, ೧೯೫೧ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು.

ಇದರ ಜೊತೆಗೆ ಇನ್ನೂ ಕಿರಿದಾದ ದಾರಿಗಳೂ ಇದ್ದುವು. ಬೆಂಗಳೂರಿನ ಉತ್ತರಕ್ಕೆ ಯಲಹಂಕದಿಂದ ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರಗಳ ಮೇಲೆ ಬೌರಿಂಗಪೇಟೆಗೆ, ಎಂದರೆ ಈಗಿನ ಬಂಗಾರಪೇಟೆಗೆ, ಹೋಗುತ್ತಿದ್ದ ದಾರಿಯ ಅಗಲ ೨ ಅಡಿ ೬ ಅಂಗುಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇದ್ದ ದಾರಿಯದು ೨ ಅಡಿ. ಚಿನ್ನದ ಗಣಿಗಳಿಗಾಗಿ ಬೌರಿಂಗಪೇಟೆಯಿಂದ ಮಾರಿಕುಪ್ಪಮಿಗೆ ೧೮೯೪ರಲ್ಲಿ ಹಾಕಿದುದು ಮಾತ್ರ ಬ್ರಾಡ್‌ಗೇಜು. ಹೀಗೆ ಒಂದೇ ಸಂಸ್ಥಾನದಲ್ಲಿ ನಾಲ್ಕು ಅಳತೆಯ ಕಂಬಿಗಳು ಹರಡಿದ್ದುವು. ಮೈಸೂರಿನಿಂದ ಮದರಾಸಿಗೆ ಹೋಗತಕ್ಕ ಮೂಟೆಯನ್ನು ಬೆಂಗಳೂರಿನಲ್ಲಿ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗುತ್ತಿತ್ತು. ಮೂಟೆಯೊಂದಕ್ಕೆ ಎರಡು ಸಲ ಕೂಲಿ, ದಾರಿಯಲ್ಲಿ ಸೋರುವುದು, ಗಾಡಿ ಬರುವವರೆಗೆ ಕಾಯುವುದು, ಇವು ವ್ಯಾಪಾರಿಗಳು ನಿತ್ಯ ಅನುಭವಿಸುತ್ತಿದ್ದ ತೊಂದರೆಗಳು. ಮೊದಲು ಉಳಿತಾಯವಾದ ಹಣವನ್ನು ಮುಂದಿನ ಪೀಳಿಗೆಗಳು ಈ ರೀತಿ ಬಿಡಿಬಿಡಿಯಾಗಿ ತೆತ್ತವೆಂದು ಹೇಳಬಹುದು.

೧೯೯೨ರಿಂದ ರೈಲ್ವೆಯವರು ದೇಶವೆಲ್ಲಕ್ಕೂ ಒಂದೇ ಗೇಜೆಂಬ ಯೋಜನೆಯನ್ನು ಕೈಗೊಂಡರು. ಬೆಂಗಳೂರು-ಮೈಸೂರು ದಾರಿ ಆ ದಶಕದಲ್ಲಿಯೇ ಬ್ರಾಡ್‌ಗೇಜಾಯಿತು. ಚಿಕ್ಕಬಳ್ಳಾಪುರ ಕೋಲಾರಗಳ ನಡುವಣ ಕಿರುದಾರಿ ೨೦೧೩ರಲ್ಲಿ ಬ್ರಾಡ್‌ಗೇಜಾಗಿ ಮತ್ತೆ ತೆರೆಯಿತು. ಇದು ಜನರಿಗೆ ಹಿತವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಂಬಿ ಅಗಲವಾದಾಗ ಅದರೊಡನೆ ಇಂಜಿನುಗಳು, ಬೋಗಿಗಳು, ಗಾಡಿಯನ್ನು ಒಂದು ಕಂಬಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳು, ಎಷ್ಟೋ ಕಡೆ ಪ್ಲಾಟ್‌ಫಾರಮುಗಳು ಮತ್ತು ಸೇತುವೆಗಳು ಸಹ ಬದಲಾದುವು. ೧೯೭೯ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಕೆಲವು ಇಂಜಿನುಗಳನ್ನೂ ರಾಜಮನೆತನದವರ ಸಲೂನುಗಳನ್ನೂ ಕಾಣಬಹುದು. ಅವು ಅಮೂಲ್ಯವಾದುವು. ಆದರೂ ನಿಂತ ಇಂಜಿನು ದಾರಿಯ ಕಥೆಯನ್ನು ಹೇಳಲಾರದು. ಗಾಡಿ ಎಲ್ಲಿ ನಿಲ್ಲುತ್ತಿತ್ತು, ಎಲ್ಲಿ ನೀರು ಕುಡಿಯುತ್ತಿತ್ತು, ಎದುರುಗಾಡಿಗೆ ಹೇಗೆ ದಾರಿ ಬಿಡುತ್ತಿತ್ತು ಎಂಬುದನ್ನು ತೋರಿಸುವುದಕ್ಕೆ ದಾರಿಯೇ ಬೇಕು. ಇಲ್ಲಿಯೇ ಪ್ರತಿಕೃತಿಯ ಪ್ರಯೋಜನ ಆರಂಭವಾಗುತ್ತದೆ.

ಪ್ರತಿಕೃತಿಗಳ ಕಲೆಗೂ ತನ್ನದೇ ಆದ ಚರಿತ್ರೆಯುಂಟು. ಜರ್ಮನಿಯ ಮಾರ್ಕ್ಲಿನ್ ಎಂಬ ಆಟಿಕೆಯ ಕಾರ್ಖಾನೆಯವರು ೧೮೯೧ರಲ್ಲಿ ಲೈಪ್ಜಿಗ್ ನಗರದ ಜಾತ್ರೆಯಲ್ಲಿ ಗೊತ್ತಾದ ಅಗಲಗಳುಳ್ಳ ಪುಟ್ಟ ಕಂಬಿಗಳನ್ನು ಪ್ರದರ್ಶಿಸಿದರು. ಒಂದು ಸಲ ಕೊಂಡ ಕಂಬಿಗೆ ಮತ್ತೊಂದು ಸಲ ಕೊಂಡ ಗಾಡಿ ಹೊಂದುವ ಅನುಕೂಲ ಇದರಿಂದ ಒದಗಿತು. ೧೯೩೫ರ ಸುಮಾರಿಗೆ ಊಟದ ಮೇಜಿನ ಮೇಲೆ ಹಿಡಿಯುವಷ್ಟು ಚಿಕ್ಕದಾದ, ಹದಿನಾರೂವರೆ ಮಿಲಿಮೀಟರು ಅಗಲದ ಕಂಬಿ ಪ್ರಚಾರಕ್ಕೆ ಬಂದಿತು. ಇದಕ್ಕೆ ತಕ್ಕ ಪ್ರಮಾಣ ೮೭ರಲ್ಲಿ ಒಂದು ಪಾಲು. ಎಂದರೆ ನಿಜವಾದ ಒಂದಡಿಗೆ ಪ್ರತಿಕೃತಿಯಲ್ಲಿ ಮೂರೂವರೆ ಮಿಲಿಮೀಟರು. ಇಂಗ್ಲೆಂಡಿನಲ್ಲಿ ಇಂಜಿನುಗಳ ಗಾತ್ರವೇ ಚಿಕ್ಕದು. ಅದರೊಳಗೆ ವಿದ್ಯುತ್ ಮೋಟಾರು ಹಿಡಿಯಲಿಲ್ಲ. ಆದುದರಿಂದ ಅಲ್ಲಿಯವರು ಗಾಡಿಯನ್ನು ಅಡಿಗೆ ನಾಲ್ಕು ಮಿಲಿಮೀಟರಿನಂತೆ ದೊಡ್ಡದು ಮಾಡಿ, ಕಂಬಿಯನ್ನು ಮಾತ್ರ ಹಾಗೆಯೇ ಬಿಟ್ಟರು. ದೊಡ್ಡ ದೇಹಕ್ಕೆ ಇಕ್ಕಟ್ಟಾದ ಕಾಲಿಟ್ಟಂತಾದ ಈ ತಪ್ಪು ಇಂದಿಗೂ ಅಲ್ಲಿ ನಡೆದುಬಂದಿದೆ.

ಈ ಲೆಕ್ಕವನ್ನು ನಮ್ಮ ದಾರಿಗಳಿಗೆ ಅನ್ವಯಿಸಿದರೆ ವಿಚಿತ್ರವಾದ ಫಲ ದೊರೆಯುತ್ತದೆ. ೮೭ರ ಪ್ರಮಾಣದಲ್ಲಿ ಬ್ರಾಡ್‌ಗೇಜಿನ ಅಗಲ ೧೯ ಮಿಲಿಮೀಟರನ್ನು ಸ್ವಲ್ಪ ಮೀರುತ್ತದೆ. ಅಂಗಡಿಯಲ್ಲಿ ಸಿಕ್ಕುವ ಹದಿನಾರೂವರೆಯ ಕಂಬಿ ಯೂರೋಪಿನ ದಾರಿಗಳಿಗೆ ಮಾಡಿದುದು. ಅದರ ಮೇಲೆ ನಮ್ಮ ಬ್ರಾಡ್‌ಗೇಜು ಗಾಡಿಯನ್ನು ನಿಲ್ಲಿಸಿದರೆ ಅದು ಕಾಲು ಕೂಡಿಸಿಕೊಂಡು ನಿಂತಂತೆ ತೋರುತ್ತದೆ. ಮೀಟರ್‌ಗೇಜಾದರೆ ಅದೇ ಪ್ರಮಾಣದಲ್ಲಿ ಹನ್ನೊಂದೂವರೆ ಮಿಲಿಮೀಟರು. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಮೀಟರ್‌ಗೇಜಿನವೇ ಆದುದರಿಂದ ಅವುಗಳ ಪ್ರತಿಕೃತಿಗಾಗಿ ಹನ್ನೆರಡು ಮಿಲಿಮೀಟರಿನ ಕಂಬಿ ಸಿದ್ಧವಾಗಿಯೇ ದೊರೆಯುತ್ತದೆ. ವ್ಯತ್ಯಾಸ ಅರ್ಧ ಮಿಲಿಮೀಟರು ಮಾತ್ರ. ಚಿಕ್ಕಬಳ್ಳಾಪುರದ ಕಿರುದಾರಿಗೆ ಬೇಕಾದುದು ಎಂಟೂಮುಕ್ಕಾಲು. ದೊರೆಯುವ ಕಂಬಿ ಒಂಬತ್ತು. ಎಂದ ಮೇಲೆ ಈಗ ಕಣ್ಣೆದುರು ಓಡುತ್ತಿರುವ ದಾರಿಗಿಂತ, ಕಣ್ಮರೆಯಾದ ದಾರಿಗಳನ್ನೇ ಹೆಚ್ಚು ಪ್ರಾಮಾಣಿಕವಾಗಿ ಮರಳಿ ಕಟ್ಟಲು ನಮಗೆ ಸಾಧ್ಯವಾಗಿದೆ. ಇದು ಆಕಸ್ಮಿಕವಾಗಿ ಬಂದ ಭಾಗ್ಯವೇ ಆದರೂ ಉಪಯೋಗಿಸಿಕೊಳ್ಳತಕ್ಕುದು.

ಅಗಲದ ವಿಷಯ ಹೀಗೆ ಸುಲಭವಾದರೆ ಉದ್ದದ ವಿಷಯ ಕಷ್ಟವಾಗುತ್ತದೆ. ಬೆಂಗಳೂರು-ಮೈಸೂರು ದಾರಿಯ ೮೬ ಮೈಲಿಗಳನ್ನು ೮೭ರಲ್ಲಿ ಒಂದು ಪಾಲಿಗೆ ಇಳಿಸಿದರೂ ಒಂದು ಮೈಲಿಗೆ ಕೊಂಚವೇ ಕಡಮೆಯಾಗುತ್ತದೆ. ಅಷ್ಟು ದೊಡ್ಡ ಮನೆ ಯಾರಿಗಿದೆ? ತಿರುವುಗಳದೂ ಇದೇ ಕಥೆ. ನಮ್ಮ ರೈಲ್ವೆಯ ನಿಯಮದಂತೆ ಮೀಟರ್‌ಗೇಜಿನ ಅತಿ ಕಟುವಾದ ತಿರುವಿನ ತ್ರಿಜ್ಯ ಸುಮಾರು ೧೦೯ ಮೀಟರು. ಪ್ರತಿಕೃತಿಯಲ್ಲಿ ಅದು ಒಂದೂಕಾಲು ಮೀಟರಾಗುತ್ತದೆ. ಆಟಿಕೆಯ ಪೆಟ್ಟಿಗೆಯಲ್ಲಿ ಬರುವ ಸುತ್ತುಗಂಬಿಯ ತ್ರಿಜ್ಯವಾದರೋ ಸಾಮಾನ್ಯವಾಗಿ ಅರ್ಧ ಮೀಟರನ್ನೂ ಮುಟ್ಟುವುದಿಲ್ಲ. ಆದಕಾರಣ ಬಲ್ಲವರು ಇಡೀ ದಾರಿಯನ್ನು ಹಿಂಡಿ ತುಂಬುವ ಆಸೆಯನ್ನು ಬಿಟ್ಟು, ಒಂದೇ ಒಂದು ಸ್ಟೇಷನ್ನನ್ನು ಆರಿಸಿಕೊಂಡು ಗೋಡೆಯ ಪಕ್ಕದಲ್ಲಿ ನೀಳವಾಗಿ ಹರಡುತ್ತಾರೆ. ಗಾಡಿ ಒಂದು ಕಡೆ ಪರದೆಯ ಮರೆಯಿಂದ ಬಂದು ಇನ್ನೊಂದು ಕಡೆ ಮರೆಗೆ ಹೋಗುತ್ತದೆ. ಉಳಿದ ಮೈಲಿಗಳನ್ನು ನೋಡುವವರ ಮನಸ್ಸು ತುಂಬಿಕೊಳ್ಳುತ್ತದೆ.

ನಿದರ್ಶನಕ್ಕಾಗಿ ಶ್ರೀರಂಗಪಟ್ಟಣವನ್ನು ತೆಗೆದುಕೊಳ್ಳಬಹುದು. ಕಾವೇರಿಯ ಎರಡು ಕವಲುಗಳು, ಅವುಗಳ ಮೇಲಣ ಸೇತುವೆಗಳು, ಕೋಟೆಯನ್ನು ಸೀಳಿಕೊಂಡು ಹೋಗುವ ಕಂಬಿ, ಇವು ಒಂದೇ ನೋಟದಲ್ಲಿ ಇನ್ನೆಲ್ಲಿ ಸಿಕ್ಕಾವು? ಆದರೆ ಕೆಲಸಕ್ಕೆ ತೊಡಗುವ ಮುನ್ನ, ಯಾವ ವರ್ಷದ ಶ್ರೀರಂಗಪಟ್ಟಣವೆಂದು ನಿಶ್ಚಯಿಸಬೇಕು. ಟಿಪ್ಪುಸುಲ್ತಾನನ ಕಾಲದ ಮದ್ದಿನಮನೆಯೊಂದು ಸ್ಟೇಷನ್ನಿನ ಬಳಿಯಲ್ಲಿದ್ದಿತು. ಜೋಡಿದಾರಿ ಹಾಕಲು ಅದು ಅಡ್ಡಿಯಾದುದರಿಂದ, ೨೦೧೭ರಲ್ಲಿ ಅದನ್ನು ಒಡೆಯದೆ ಬುಡಸಹಿತ ಎತ್ತಿ ನೂರು ಮೀಟರಿಗಿಂತ ದೂರಕ್ಕೆ ಸರಿಸಿದರು. ೧೯೩೦ರ ಶ್ರೀರಂಗಪಟ್ಟಣವನ್ನು ಮಾಡತಕ್ಕವನು ಇಂದು ಹೋಗಿ ಅಳೆದುಕೊಂಡು ಬಂದರೆ ಕಟ್ಟಡವನ್ನು ತಪ್ಪು ಜಾಗದಲ್ಲಿಟ್ಟಂತಾಗುತ್ತದೆ. ಬರವಣಿಗೆಯಲ್ಲಿ ಚರಿತ್ರಕಾರನು ಇಂಥ ವಿವರವನ್ನು ಜಾಣತನದಿಂದ ದಾಟಿಹೋಗಬಹುದು. ಪ್ರತಿಕೃತಿಯನ್ನು ಮಾಡುವವನಿಗೆ ಆ ಸೌಕರ್ಯವಿಲ್ಲ; ಕಟ್ಟಡವನ್ನು ಎಲ್ಲಿಯಾದರೂ ಇಡಲೇಬೇಕು.

ಇನ್ನು ಕೈಕೆಲಸದ ಕ್ರಮವನ್ನು ಸ್ವಲ್ಪ ನೋಡೋಣ. ಗಜಕ್ಕೆ ೬೦ ಪೌಂಡು ತೂಗುವ ಕಂಬಿಯ ಎತ್ತರ ನಾಲ್ಕೂವರೆ ಅಂಗುಲ. ಪ್ರತಿಕೃತಿಯಲ್ಲಿ ಅದು ಒಂದೂಕಾಲು ಮಿಲಿಮೀಟರಿಗೆ ತುಸು ಹೆಚ್ಚು. ಆಟಿಕೆಯ ಕಂಬಿ ಸಾಮಾನ್ಯವಾಗಿ ಎರಡೂವರೆ ಮಿಲಿಮೀಟರು ಎತ್ತರವಿರುತ್ತದೆ. ನಿಜವಾದ ದಾರಿಯಲ್ಲಿ ಅದು ಸುಮಾರು ಎಂಟೂವರೆ ಅಂಗುಲದ ಕಂಬಿಗೆ ಸಮ. ಅಂಥ ಕಂಬಿಯನ್ನು ಯಾವ ಸಂಸ್ಥಾನವೂ ಹಾಕಿಸಲಿಲ್ಲ. ಆದುದರಿಂದ ಸಣ್ಣ ಕಂಬಿಯನ್ನು ತರಿಸಿ, ಅದರ ಪಕ್ಕಗಳಿಗೆ ತುಕ್ಕಿನ ಬಣ್ಣ ಬಳಿದು, ಮೇಲ್ಭಾಗವನ್ನು ಮಾತ್ರ ಹೊಳೆಯುವಂತೆ ಉಜ್ಜಬೇಕು. ದಾರಿಗೆ ಹರಡುವ ಎರಡಂಗುಲದ ಜಲ್ಲಿ ಇಲ್ಲಿ ಅರ್ಧ ಮಿಲಿಮೀಟರಿಗೆ ಕೊಂಚ ಮೀರುತ್ತದೆ. ಎಂದರೆ ಉಪ್ಪಿಟ್ಟಿನ ರವೆಯಷ್ಟು. ಹಾಗೆಂದು ರವೆಯನ್ನೇ ಹಾಕಿದರೆ ಇರುವೆಗಳು ದಾರಿಯನ್ನು ಕಿತ್ತುಕೊಂಡು ಹೋದಾವು. ಕಲ್ಲುಪುಡಿಯನ್ನು ಜರಡಿಯಾಡಿ, ಸ್ಲೀಪರುಗಳ ನಡುವೆ ಕುಂಚದಿಂದ ಹರಡಿ, ನೀರು ಬೆರೆಸಿದ ಮರದ ಅಂಟಿಗೆ ಒಂದು ಹನಿ ಸಾಬೂನಿನ ನೀರನ್ನು ಸೇರಿಸಿ ತೊಟ್ಟುತೊಟ್ಟಾಗಿ ಬಿಡಬೇಕು. ಸಾಬೂನಿಲ್ಲದಿದ್ದರೆ ಅಂಟು ಕಲ್ಲುಪುಡಿಯೊಳಕ್ಕೆ ಇಳಿಯದೆ ಮೇಲೆಯೇ ಗುಂಡಾಗಿ ನಿಲ್ಲುತ್ತದೆ.

ಕಟ್ಟಡಗಳಿಗೂ ಇದೇ ಎಚ್ಚರ ಬೇಕು. ನಂದಿ, ದೇವನಹಳ್ಳಿ ಮೊದಲಾದ ಸಣ್ಣ ಸ್ಟೇಷನ್ನುಗಳ ಹಳೆಯ ಹೆಂಚಿನ ಮನೆಗಳು ಈಗಲೂ ಅಳೆದುಕೊಳ್ಳಲು ಸಿಕ್ಕುತ್ತವೆ. ಒಂದು ಮಂಗಳೂರು ಹೆಂಚಿನ ಉದ್ದ ಸುಮಾರು ೪೧ ಸೆಂಟಿಮೀಟರು. ಪ್ರತಿಕೃತಿಯಲ್ಲಿ ಐದು ಮಿಲಿಮೀಟರಿಗೂ ಕಡಮೆ. ಒಂದು ಚದರ ಮೀಟರಿಗೆ ಹದಿನೈದು ಹೆಂಚುಗಳಂತೆ ಲೆಕ್ಕಹಾಕಿದರೆ ನೂರು ಚದರ ಮೀಟರಿನ ಮಾಡಿಗೆ ಸಾವಿರದ ಐನೂರು ಹೆಂಚುಗಳು ಬೇಕಾಗುತ್ತವೆ. ಅವುಗಳನ್ನು ಒಂದೊಂದಾಗಿ ಮಾಡದೆ, ದಪ್ಪ ಕಾಗದದ ಪಟ್ಟಿಗಳ ಮೇಲೆ ಗೆರೆಯೊತ್ತಿ, ಸೂರಿನಿಂದ ಆರಂಭಿಸಿ ಒಂದರ ಮೇಲೊಂದು ಸ್ವಲ್ಪ ಹೊದೆಯುವಂತೆ ಅಂಟಿಸುವುದು ವಾಡಿಕೆ. ಇಂಜಿನಿನ ಹೊಗೆಕೊಳವೆ, ನೀರಿನ ತೊಟ್ಟಿ ಮುಂತಾದ ದುಂಡನೆಯ ಭಾಗಗಳಿಗೆ ದೂರ ಹೋಗಬೇಕಾಗಿಲ್ಲ. ಅದೇ ದಾರಿಯ ಮೇಲಿರುವ ಚನ್ನಪಟ್ಟಣದ ಬೊಂಬೆಯ ಕುಶಲಿಗಳು ಆಲೆಮರವನ್ನು ಕಡೆದು ಅರಗಿನ ಬಣ್ಣವೇರಿಸುವ ವಿದ್ಯೆಯಲ್ಲಿ ನುರಿತವರು. ಅಳತೆಯ ನಕ್ಷೆಯನ್ನು ಅವರ ಕೈಗೆ ಕೊಟ್ಟರೆ ಎಷ್ಟೋ ಕೆಲಸ ಅಲ್ಲಿಯೇ ಆದೀತು.

ನೆಲವನ್ನು ರೂಪಿಸುವಾಗ ಇನ್ನೊಂದು ವಿಷಯವನ್ನು ಮರೆಯಲಾಗದು. ಕೈಯಿಂದಲೇ ಕಟ್ಟಿದ ರೈಲಿನ ಏರಿಗೆ ಬೇಕಾದ ಮಣ್ಣನ್ನು ಸಾಮಾನ್ಯವಾಗಿ ಪಕ್ಕದಲ್ಲಿಯೇ ಅಗೆಯುತ್ತಿದ್ದರು. ಆದಕಾರಣ ಹಳೆಯ ಏರಿಗಳ ಇಕ್ಕೆಲಗಳಲ್ಲಿ ತಗ್ಗಾದ ಗುಂಡಿಗಳ ಸಾಲು ಇರುತ್ತದೆ. ಮಳೆಗಾಲದಲ್ಲಿ ನೀರು ನಿಂತು ಜೊಂಡು ಬೆಳೆಯುತ್ತದೆ. ಏರಿಯನ್ನು ಮಾತ್ರ ಮಾಡಿ ಗುಂಡಿಯನ್ನು ಬಿಟ್ಟರೆ, ಮಣ್ಣು ಆಕಾಶದಿಂದ ಬಿದ್ದಿತೆಂದು ಹೇಳಿದ ಹಾಗಾಗುತ್ತದೆ. ಬೆಂಗಳೂರು-ಮೈಸೂರು ದಾರಿಯ ಆ ಮಣ್ಣನ್ನು ಹೊತ್ತವರಲ್ಲಿ ಕ್ಷಾಮದಿಂದ ಬಳಲಿದವರೂ ಇದ್ದರು. ಅವರ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ. ಅವರು ತೋಡಿದ ಗುಂಡಿಯನ್ನಾದರೂ ಸರಿಯಾಗಿ ತೋರಿಸುವುದು ನಾವು ಸಲ್ಲಿಸಬಹುದಾದ ಕನಿಷ್ಠ ಗೌರವ.

ಕಟ್ಟಿದ ಮೇಲೆ ಓಡಿಸುವ ಕ್ರಮವೂ ಉಂಟು. ಎರಡು ಕಂಬಿಗಳಲ್ಲಿ ಹನ್ನೆರಡು ವೋಲ್ಟಿನ ವಿದ್ಯುತ್ತನ್ನು ಹರಿಸಿ ಗಾಡಿಯನ್ನು ನಡೆಸುವುದು ರೂಢಿ. ಒಂದೊಂದು ಇಂಜಿನಿಗೂ ಬೇರೆಬೇರೆ ಆಜ್ಞೆ ಕೊಡುವ ಹೊಸ ಉಪಕರಣಗಳೂ ಬಂದಿವೆ. ಆದರೆ ಸುತ್ತುಗಂಬಿಯ ಮೇಲೆ ಗಾಡಿಯನ್ನು ಸುಮ್ಮನೆ ಸುತ್ತಿಸಿದರೆ ಕಾಲು ಗಂಟೆಯಲ್ಲಿ ಬೇಸರ ಬರುತ್ತದೆ. ವೇಳಾಪಟ್ಟಿಯನ್ನಿಟ್ಟುಕೊಂಡು ಓಡಿಸಿದಾಗ ಮಾತ್ರ ದಾರಿ ಮಾತನಾಡುತ್ತದೆ. ಒಂಟಿ ಕಂಬಿಯಲ್ಲಿ ಎದುರುಬದುರಾಗಿ ಎರಡು ಗಾಡಿಗಳು ಬರಬಾರದು. ಆದುದರಿಂದ ಎರಡು ಸ್ಟೇಷನ್ನುಗಳ ನಡುವಣ ದಾರಿಗೆ ಒಂದು ಸಲಕ್ಕೆ ಒಂದೇ ಟೋಕನ್ನು. ಡ್ರೈವರನ ಕೈಗೆ ಅದು ಸಿಕ್ಕಿದ ಹೊರತು ಗಾಡಿ ಹೊರಡುವಂತಿಲ್ಲ. ಈ ನಿಯಮದಂತೆ ಒಂದು ಸಂಜೆ ಇಬ್ಬರು ಸೇರಿ ನಾಲ್ಕು ಗಾಡಿಗಳನ್ನು ನಡೆಸಿ ನೋಡಿದರೆ, ಹಳೆಯ ಕಾಲದ ಪ್ರಯಾಣಿಕರು ಸಣ್ಣ ಸ್ಟೇಷನ್ನಿನಲ್ಲಿ ಅಷ್ಟು ಹೊತ್ತು ಏಕೆ ಕಾಯಬೇಕಾಗಿತ್ತೆಂಬುದು ಯಾರ ವಿವರಣೆಯೂ ಇಲ್ಲದೆ ತಿಳಿಯುತ್ತದೆ. ಹನ್ನೆರಡು ಮಿಲಿಮೀಟರಿನ ಕಂಬಿಯ ಗಾಡಿಯಿಂದ ಅಗಲ ಕಂಬಿಯ ಗಾಡಿಗೆ ಕಡಲೆಬೀಜದಷ್ಟರ ಮೂಟೆಗಳನ್ನು ಚಿಮಟದಿಂದ ಒಂದೊಂದಾಗಿ ಸಾಗಿಸಿದವನಿಗೆ, ಗೇಜಿನ ಭೇದದಿಂದ ಬೆಂಗಳೂರಿನ ಮಂಡಿಯವರು ಪಟ್ಟ ಪಾಡು ಬೆರಳುಗಳಿಗೇ ಅರ್ಥವಾಗುತ್ತದೆ.

ಈ ಹವ್ಯಾಸಕ್ಕೆ ಹಣವೂ ಬಿಡುವೂ ಬೇಕಲ್ಲವೆ ಎಂದು ಕೇಳಬಹುದು. ಕಂಬಿ ಮೋಟಾರುಗಳಿಗೆ ಹಣ ಬೇಕು ನಿಜ. ಆದರೆ ಎಲ್ಲಕ್ಕಿಂತ ಮೊದಲು ಬೇಕಾದ ಸಾಮಗ್ರಿಗೆ ಹೆಚ್ಚು ವೆಚ್ಚವಿಲ್ಲ. ಅದು ಅಳತೆಯ ಟೇಪು, ಒಂದು ನೋಟುಪುಸ್ತಕ ಮತ್ತು ಹಿರಿಯರೊಡನೆ ಕುಳಿತು ಕೇಳುವ ತಾಳ್ಮೆ. ಮೀಟರ್‌ಗೇಜಿನ ಮೇಲೆ ಡ್ರೈವರುಗಳಾಗಿ, ಗಾರ್ಡುಗಳಾಗಿ, ಸ್ಟೇಷನ್‌ಮಾಸ್ತರರಾಗಿ, ಗ್ಯಾಂಗಿನವರಾಗಿ ದುಡಿದವರು ಇನ್ನೂ ನಮ್ಮ ಊರುಗಳಲ್ಲಿ ಇದ್ದಾರೆ. ಗೂಡ್ಸುಷೆಡ್ಡು ಯಾವ ಪಕ್ಕದಲ್ಲಿತ್ತು, ಕೈಮರಕ್ಕೆ ಯಾವ ಬಣ್ಣವಿತ್ತು, ನೀರಿನ ತೊಟ್ಟಿಗೆ ಯಾವ ಬಾವಿಯಿಂದ ನೀರು ಬರುತ್ತಿತ್ತು ಎಂಬುದನ್ನು ಕಡತಗಳು ಹೇಳದಿದ್ದರೂ ಅವರು ಹೇಳಬಲ್ಲರು. ಅವರ ತರುವಾಯ ಹೇಳುವವರಿಲ್ಲ. ಪ್ರತಿಕೃತಿಯನ್ನು ಮಾಡಲು ಕೈಹಾಕಿದವನು ಮೂಲೆಮೂಲೆಗೂ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗುವುದರಿಂದ, ಆ ಉತ್ತರಗಳನ್ನು ಕೂಡಿಹಾಕಲು ಅವನಷ್ಟು ತಕ್ಕವನು ಬೇರೊಬ್ಬನಿಲ್ಲ. ಬೆಂಗಳೂರು ಮೈಸೂರುಗಳ ವಿದ್ಯಾವಂತ ಗೃಹಸ್ಥರೂ ಕಾಲೇಜಿನ ತರುಣರೂ ತಮ್ಮ ತಮ್ಮ ಊರಿನ ಒಂದೊಂದು ಸ್ಟೇಷನ್ನನ್ನು ಹೀಗೆ ಅಳೆದು ನಕ್ಷೆ ಬರೆದಿಟ್ಟರೆ, ಪ್ರತಿಕೃತಿಯನ್ನು ತಾವೇ ಕಟ್ಟಿದರೂ ಸರಿ, ಮುಂದೆ ಇನ್ನೊಬ್ಬರು ಕಟ್ಟಿದರೂ ಸರಿ, ಸಂಸ್ಥಾನದ ರೈಲುದಾರಿಯ ಚರಿತ್ರೆಗೆ ಬೇಕಾದ ಆಧಾರ ಕಾಲಕ್ಕೆ ಸರಿಯಾಗಿ ಒದಗಿದಂತಾಗುತ್ತದೆ.